ಸಹಾಯ ಬೇಕು: ಮಡಚುವ ಸ್ಕ್ರೀನಿನ ಕ್ಯಾಮೆರಾಕ್ಕೆ ಗಾಜೋ, ಫಿಲ್ಮೋ, ಏನೂ ಬೇಡವೋ?

ಎಲ್ಲರಿಗೂ ನಮಸ್ಕಾರ. ಮಿರರ್‌ಲೆಸ್ ಕ್ಯಾಮೆರಾದ 3 ಇಂಚಿನ ಟಚ್ ಸ್ಕ್ರೀನಿಗೆ ಗಾರ್ಡ್ ಹಾಕಬೇಕಾ, ಹಾಗೇ ಬಿಡಬೇಕಾ ಅಂತ ತೀರ್ಮಾನಿಸಬೇಕಿದೆ. ಸ್ಕ್ರೀನ್ ಪಕ್ಕಕ್ಕೆ ತೆರೆದು, ತಿರುಗಿಸಿ, ಒಳಮುಖವಾಗಿ ಮಡಚುವಂಥದ್ದು. ತೊಡಕಿರುವುದೇ ಅಲ್ಲಿ.

0.3 ಮಿ.ಮೀ. ಟೆಂಪರ್ಡ್ ಗ್ಲಾಸ್ ಅಂಟಿಸಿದರೆ ಕೆಲವು ಬಾಡಿಗಳಲ್ಲಿ ಸ್ಕ್ರೀನ್ ಒಳಮುಖವಾಗಿ ಪೂರ್ತಿ ಕೂರುವುದಿಲ್ಲ, ಒಂದು ಎಳೆಯಷ್ಟು ಎದ್ದು ನಿಲ್ಲುತ್ತದೆ. ಒತ್ತಿ ಮುಚ್ಚಿದರೆ ಸ್ಕ್ರೀನ್ ತಿರುಗುವ ಕೀಲಿನ (ಹಿಂಜ್) ಮೇಲೆ ಭಾರ. ತೆಳು ಫಿಲ್ಮಿಗೆ ಈ ಕಾಟವಿಲ್ಲ, ಆದರೆ ಅದು ಗೀರು ತಡೆಯುತ್ತದೆಯೇ ಹೊರತು ಪೆಟ್ಟು ತಡೆಯುವುದಿಲ್ಲ. ಗಾಜಿನ ಡಬ್ಬದ ಮೇಲಿನ 9ಎಚ್ ಎಂಬ ಗಡಸುತನದ ಗುರುತು ನಂಬುವಂತೆಯೂ ಇಲ್ಲ: ಅದು ಪೆನ್ಸಿಲ್ ಪರೀಕ್ಷೆಯ ಅಳತೆ, ಮರಳಿನ ಕಣ ಗಾಜನ್ನೂ ಗೀರುತ್ತದೆ. ಮ್ಯಾಟ್ ಫಿಲ್ಮ್ ಅಂತೂ ಬೇಡವೇ ಬೇಡ. ಫೋಕಸ್ ನೋಡಲು ಜೂಮ್ ಮಾಡಿದರೆ ಕಣ್ಣರೆಪ್ಪೆಯ ಕೂದಲು ಮಸುಕಾಗಿ ಕಾಣುತ್ತದೆ. ಫೋಕಸ್ ತಪ್ಪಿದ್ದೋ ಫಿಲ್ಮಿನ ಮಂಜೋ ತಿಳಿಯುವುದೇ ಇಲ್ಲ.

ಅಂಟಿಸುವ ಕ್ರಮ ಗೊತ್ತು: ಕ್ಯಾಮೆರಾ ಆಫ್ ಮಾಡಿ, ಬ್ಲೋವರಿನಿಂದ ಧೂಳು ಊದಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಉಳಿದ ಕಣವನ್ನು ಟೇಪಿನಿಂದ ಎತ್ತಿ, ಒಂದು ಅಂಚಿನಿಂದ ನಿಧಾನ ಇಳಿಸುವುದು. ಒಂದೇ ಒಂದು ಕಣ ಉಳಿದರೂ ಅದರ ಸುತ್ತ ಗುಳ್ಳೆ ಖಚಿತ.

ಕೇಳಬೇಕಿರುವುದು ಇಷ್ಟು. ಮಡಚುವ ಸ್ಕ್ರೀನಿಗೆ ಗಾಜು ಹಾಕಿ ವರ್ಷ ದಾಟಿಸಿದವರು ಇದ್ದೀರಾ? ಮುಚ್ಚಿದಾಗ ಸ್ಕ್ರೀನ್ ತಾನಾಗಿ ಆಫ್ ಆಗುತ್ತಿದೆಯಾ? ಕೀಳುವಾಗ ಪ್ರತಿಫಲನ ತಡೆಯುವ ಲೇಪನ ಜೊತೆಗೇ ಎದ್ದು ಬಂತಾ? ಕ್ಯಾಮೆರಾ ಮಾಡೆಲ್, ಗಾಜಿನ ದಪ್ಪ ಎರಡನ್ನೂ ಬರೆದರೆ ದೊಡ್ಡ ಉಪಕಾರ.