ತೋಟದೊಳಗೆ ಬಾಣ ನಿಲ್ಲುತ್ತಿಲ್ಲ: ಜಿಪಿಎಸ್ ಉಪಕರಣ ಕೊಳ್ಳಬೇಕಾ, ಫೋನ್ ಸಾಕಾ?

ಕಾಫಿಹೂ (ನಾಪೋಕ್ಲು):

ಎಲ್ಲರಿಗೂ ನಮಸ್ಕಾರ. ಜಿಯೋಕ್ಯಾಶಿಂಗ್‌ಗೆ, ಅಂದರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು (ಅದಕ್ಕೆ ಕ್ಯಾಶ್ ಅಂತಾರೆ) ಜಿಪಿಎಸ್ ಹಿಡಿದು ಹುಡುಕುವ ಆಟಕ್ಕೆ, ನಾನು ಹೊಸಬಳು. ನಮ್ಮ ಕಡೆ ಪ್ರಕಟವಾಗಿರುವ ಕ್ಯಾಶ್‌ಗಳು ಕಡಿಮೆ ಅಲ್ವಾ? ಹಾಗಾಗಿ ರಜೆಗೆ ಬರುವ ಮಕ್ಕಳಿಗೆ ಅಂತ ನಮ್ಮ ತೋಟದಲ್ಲೇ ಡಬ್ಬಿಗಳನ್ನು ಬಚ್ಚಿಟ್ಟಿದ್ದೇವೆ. ಮೈಸೂರಿನಿಂದ ಬಂದಿದ್ದ ಭಾವ ಡಬ್ಬಿ ಇಟ್ಟು, ಅಕ್ಷಾಂಶ ರೇಖಾಂಶಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದರು.

ಮಡಿಕೇರಿ ಪೇಟೆಯಲ್ಲಿ ಫೋನ್ ಚೆನ್ನಾಗಿ ಕೆಲಸ ಮಾಡುತ್ತದೆ. ರಾಜಾಸೀಟಿನ ಹತ್ತಿರ ನಿಂತರೆ ನಾನಿರುವ ಜಾಗವನ್ನೇ ತೋರಿಸುತ್ತದೆ. ತೋಟಕ್ಕೆ ಬಂದರೆ ಕಷ್ಟ. ಮ್ಯಾಪ್ ಬಿಳಿ ಹಾಳೆಯಾಗುತ್ತದೆ. ನಿಂತಲ್ಲೇ ನಿಂತಿದ್ದರೂ ಡಬ್ಬಿಗೆ 8 ಮೀಟರ್ ಅನ್ನುತ್ತದೆ, ಆಮೇಲೆ 25, ಮತ್ತೆ 12. ಡಬ್ಬಿಯ ದಿಕ್ಕು ತೋರಿಸುವ ಬಾಣವಂತೂ ಒಮ್ಮೊಮ್ಮೆ ಪೂರ್ತಿ ಉಲ್ಟಾ ತಿರುಗುತ್ತದೆ. ಅದರಲ್ಲೂ ತೋಡಿನ (ಸಣ್ಣ ಹಳ್ಳದ) ಪಕ್ಕದ ಒಂದು ಡಬ್ಬಿಗೆ ಹೋದಾಗಲೆಲ್ಲ ಸುಮಾರು 30 ಮೀಟರ್ ಆಚೆಯ ಗದ್ದೆ ಬದಿಗೆ ಕರೆದೊಯ್ಯುತ್ತದೆ.

ಫೋನ್ ಆಂಡ್ರಾಯ್ಡ್, ತೀರಾ ಹಳೆಯದಲ್ಲ. ಮಳೆ ಹಿಡಿಯುವ ಮುಂಚೆ ಗಾರ್ಮಿನ್ ಕಂಪನಿಯ ಒಂದು ಜಿಪಿಎಸ್ ಉಪಕರಣ ತೆಗೆದುಕೊಳ್ಳೋಣ ಅಂತಿದ್ದೇನೆ. ಅದು ಬಂದರೆ ಇದೆಲ್ಲ ಸರಿಹೋಗುತ್ತದಾ? ಯಾವುದು ಒಳ್ಳೆಯದು?

ಕುಶಾಲನಗರ_ಸೈಕಲ್:

ನಿಮ್ಮ ಕಡೆ ಟವರ್ ಸಿಗುವುದಿಲ್ಲ, ಅದೇ ಕಾರಣ. ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನ ಜಿಪಿಎಸ್ ಕೆಲಸ ಮಾಡಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳದೆ ಕೈಯಲ್ಲಿ ಹಿಡಿಯುವ ಉಪಕರಣ ತೆಗೆದುಕೊಳ್ಳಿ.

ಬೆಟ್ಟದಾರಿ (ಕಕ್ಕಬ್ಬೆ):

ಸೈಕಲ್ ಅಣ್ಣ, ಅದು ಹಾಗಲ್ಲ. ಫೋನಿನ ಜಿಪಿಎಸ್ ಉಪಗ್ರಹದಿಂದಲೇ ಸಿಗ್ನಲ್ ಹಿಡಿಯುತ್ತದೆ, ಅದಕ್ಕೆ ಟವರ್ ಬೇಕಿಲ್ಲ. ಟವರ್ ಇದ್ದರೆ ಶುರುವಾಗುವುದು ಬೇಗ, ಅಷ್ಟೇ. ಯಾವ ಉಪಗ್ರಹ ಎಲ್ಲಿದೆ ಎಂಬ ಮಾಹಿತಿಯನ್ನು ಫೋನ್ ಡೇಟಾದಿಂದ ಕ್ಷಣದಲ್ಲಿ ಇಳಿಸಿಕೊಳ್ಳುತ್ತದೆ. ಡೇಟಾ ಇಲ್ಲದಿದ್ದರೆ ಅದೇ ಮಾಹಿತಿಯನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಒಂದೊಂದು ಉಪಗ್ರಹವೂ ತನ್ನ ಸ್ಥಾನದ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತಿರುತ್ತದೆ. ಮರದ ಕೆಳಗೆ ಅದು ನಡುವೆ ತುಂಡಾದರೆ ಮುಂದಿನ ಸರದಿಗೆ ಕಾಯಬೇಕು. ಹಾಗಾಗಿ ಮನೆ ಅಂಗಳದಲ್ಲೋ ಕಣದಲ್ಲೋ, ಆಕಾಶ ಕಾಣುವ ಕಡೆ ಆಪ್ ತೆರೆದು ಎರಡು ಮೂರು ನಿಮಿಷ ನಿಂತು, ಆಮೇಲೆ ತೋಟದೊಳಗೆ ಇಳಿಯಿರಿ.

ಕಾಫಿಹೂ ಅಕ್ಕ, ಈಗಲೇ ದುಡ್ಡು ಹಾಕಬೇಡಿ. ನೀವು ಹೇಳಿರುವುದು ಒಂದು ತೊಂದರೆಯಲ್ಲ, ನಾಲ್ಕು. ಎಲ್ಲ ಒಟ್ಟಿಗೆ ಬಂದಿರುವುದರಿಂದ ಫೋನೇ ಸರಿಯಿಲ್ಲ ಅನ್ನಿಸುತ್ತಿದೆ.

ಮ್ಯಾಪ್ ಬಿಳಿಯಾಗುವುದು ಎಲ್ಲಕ್ಕಿಂತ ಸುಲಭದ್ದು. ಚಿತ್ರ ಇಂಟರ್ನೆಟ್‌ನಿಂದ ಬರುತ್ತಿದೆ, ತೋಟದಲ್ಲಿ ಇಂಟರ್ನೆಟ್ ಇಲ್ಲ. ಆಂಡ್ರಾಯ್ಡ್‌ನಲ್ಲಿ ಸಿ:ಜಿಯೋ ಎಂಬ ಜಿಯೋಕ್ಯಾಶಿಂಗ್ ಆಪ್ ಹಾಕಿಕೊಳ್ಳಿ. ಉಚಿತ, ಮುಕ್ತ ತಂತ್ರಾಂಶ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಆಫ್‌ಲೈನ್ ನಕ್ಷೆಯನ್ನು ಮನೆಯ ವೈಫೈನಲ್ಲೇ ಇಳಿಸಿಟ್ಟುಕೊಳ್ಳಬಹುದು. ಕ್ಯಾಶ್‌ಗಳ ವಿವರ, ಸುಳಿವು, ಹಿಂದಿನವರು ಬರೆದ ಲಾಗ್ ಎಲ್ಲವನ್ನೂ ಫೋನಿನಲ್ಲೇ ಉಳಿಸಿಕೊಳ್ಳಬಹುದು. ನಿಮ್ಮದೇ ಡಬ್ಬಿಗಳನ್ನೂ ಸೇರಿಸಬಹುದು. ಜಿಯೋಕ್ಯಾಶಿಂಗ್‌ನ ಅಧಿಕೃತ ಆಪ್ ನೋಡಲು ಚೆಂದ, ಹೊಸಬರಿಗೆ ಸುಲಭ. ಆದರೆ ಉಚಿತ ಸದಸ್ಯರಿಗೆ ಅದರಲ್ಲಿ ಸುಲಭದ ಕೆಲವು ಕ್ಯಾಶ್‌ಗಳಷ್ಟೇ ಪೂರ್ತಿ ತೆರೆಯುತ್ತವೆ. ಆಫ್‌ಲೈನ್‌ಗೆ ಇಳಿಸಿಕೊಳ್ಳಲು ದುಡ್ಡು ಕೊಟ್ಟು ಪ್ರೀಮಿಯಂ ಸದಸ್ಯರಾಗಬೇಕು. ಕೊಡಗಿನಲ್ಲಿ ಆಫ್‌ಲೈನ್ ಇಲ್ಲದೆ ಆಗುವುದಿಲ್ಲ. ಜೋರು ಗಾಳಿ ಮಳೆಗೆ ಕರೆಂಟ್ ಹೋದರೆ ಟವರೂ ಹೋಗುತ್ತದೆ.

ಬಾಣ ಉಲ್ಟಾ ತಿರುಗುವುದು ಜಿಪಿಎಸ್ ಅಲ್ಲ, ದಿಕ್ಸೂಚಿ. ಜಿಪಿಎಸ್‌ಗೆ ನೀವು ಎಲ್ಲಿದ್ದೀರಿ ಅಂತ ಗೊತ್ತು. ನಿಂತಾಗ ಯಾವ ಕಡೆ ಮುಖ ಮಾಡಿದ್ದೀರಿ ಅಂತ ಗೊತ್ತಿಲ್ಲ. ಅದನ್ನು ಹೇಳುವುದು ಫೋನಿನೊಳಗಿನ ಕಾಂತ ಸಂವೇದಕ. ಅಯಸ್ಕಾಂತದ ಗುಂಡಿ ಇರುವ ಫ್ಲಿಪ್ ಕವರ್, ಜೀಪಿನ ಬಾನೆಟ್, ಕಬ್ಬಿಣದ ಗೇಟು ಯಾವುದು ಹತ್ತಿರ ಇದ್ದರೂ ಅದು ದಾರಿ ತಪ್ಪುತ್ತದೆ. ಕವರ್ ತೆಗೆದು, ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಕೆಲವು ಸಲ ತಿರುಗಿಸಿ ನೋಡಿ.

ಇನ್ನು 8, 25, 12 ಅಂತ ಅಂಕಿ ಓಡಾಡುವುದು. ಮೊದಲು ಸೆಟ್ಟಿಂಗ್‌ಗೆ ಹೋಗಿ. ಆಂಡ್ರಾಯ್ಡ್ 12ರಿಂದ ಈಚೆಗೆ ಒಂದು ಆಪ್‌ಗೆ ನಿಖರ ಸ್ಥಳ ಕೊಡಬೇಕಾ, ಅಂದಾಜು ಸ್ಥಳ ಸಾಕಾ ಅಂತ ನಾವೇ ಆರಿಸಬಹುದು. ನಿಖರ ಎಂಬುದು ಆನ್ ಇರಲಿ. ಬ್ಯಾಟರಿ ಸೇವರ್ ಆಫ್ ಇರಲಿ. ಆಮೇಲೆ ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆಪ್ ಹಾಕಿ. ಅಂಗಳದಲ್ಲಿ ಒಮ್ಮೆ, ಡಬ್ಬಿಯ ಹತ್ತಿರ ಒಮ್ಮೆ ತೆರೆದು ಉಪಗ್ರಹಗಳ ಪಟ್ಟಿ ನೋಡಿ. ಸಿಗ್ನಲ್ ಬಲದ ಅಂಕಿ ಅಂಗಳದಲ್ಲಿ 35, 40 ಇದ್ದದ್ದು ಮರದ ಕೆಳಗೆ 20ರ ಆಸುಪಾಸಿಗೆ ಇಳಿದರೆ ಕಾರಣ ಮರಗಳೇ. ಮೋಡ, ಮಳೆಯಿಂದ ಜಿಪಿಎಸ್‌ಗೆ ಹೆಚ್ಚೇನೂ ಆಗುವುದಿಲ್ಲ. ತೊಂದರೆ ಕೊಡುವುದು ಒದ್ದೆ ಎಲೆ. ನಮ್ಮ ತೋಟಗಳಲ್ಲಿ ಸಿಲ್ವರ್ ಓಕ್, ಹಲಸು, ಬೀಟೆ, ಅದರ ಮೇಲೆ ಹಬ್ಬಿದ ಮೆಣಸಿನ ಬಳ್ಳಿ. ಸಿಗ್ನಲ್ ಸೊರಗುತ್ತದೆ, ಕಾಂಡಕ್ಕೂ ಗುಡ್ಡದ ಬದಿಗೂ ಬಡಿದು ಸುತ್ತಿ ಬರುತ್ತದೆ. ಬಯಲಿನಲ್ಲಿ 3ರಿಂದ 5 ಮೀಟರ್ ಇರುವ ತಪ್ಪು ಇಲ್ಲಿ 10, 15 ಆಗುವುದು ಸಹಜ.

ಇನ್ನೊಂದು ಮಾತು. ತೆರೆಯ ಮೇಲಿನ ±5 ಮೀಟರ್ ಖಾತರಿ ಅಲ್ಲ. ಆಂಡ್ರಾಯ್ಡ್ ಲೆಕ್ಕದಲ್ಲಿ ನೀವು ಆ ವೃತ್ತದೊಳಗೆ ಇರುವ ಸಾಧ್ಯತೆ 68 ಶೇಕಡಾ ಅಂತ ಅರ್ಥ. ಮೂರರಲ್ಲಿ ಒಂದು ಸಲ ಹೊರಗೇ ಇರುತ್ತೀರಿ.

ತೋಡಿನ ಪಕ್ಕದ ಡಬ್ಬಿಯದು ಬೇರೆಯದೇ ಕಥೆ. ಸಿಗ್ನಲ್ ತೊಂದರೆಯಾದರೆ ತಪ್ಪು ಒಂದೊಂದು ಸಲ ಒಂದೊಂದು ದಿಕ್ಕಿಗೆ ಹೋಗಬೇಕು. ಪ್ರತಿ ಸಲ ಅದೇ ದಿಕ್ಕು, ಅಷ್ಟೇ ದೂರ ಅಂದರೆ ಬರೆದಿಟ್ಟ ಅಂಕಿಯನ್ನೇ ಅನುಮಾನಿಸಿ. ಭಾವ ಕಳಿಸಿದ್ದು ಯಾವ ರೂಪದಲ್ಲಿದೆ ನೋಡಿ ಹೇಳಿ.

ಕಾಫಿಹೂ:

ಬೆಟ್ಟದಾರಿ ಅಣ್ಣ, ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೆಯೇ ನೋಡಿದೆ.

ಕವರ್‌ನಲ್ಲಿ ಅಯಸ್ಕಾಂತ ಇತ್ತು. ತೆಗೆದ ಕೂಡಲೇ ಬಾಣ ಸರಿಯಾಯಿತು. ಸಿ:ಜಿಯೋದಲ್ಲಿ ಆಫ್‌ಲೈನ್ ನಕ್ಷೆ ಬಂತು, ನಮ್ಮ ತೋಟದ ಹಿಂದಿನ ಕಾಲುದಾರಿ ಕೂಡ ಅದರಲ್ಲಿದೆ! ನಿಖರ ಸ್ಥಳ ಮೊದಲೇ ಆನ್ ಇತ್ತು. ಸಿಗ್ನಲ್ ಅಂಗಳದಲ್ಲಿ 38ರವರೆಗೆ ಹೋಗುತ್ತದೆ, ಡಬ್ಬಿಗಳ ಹತ್ತಿರ ಹೆಚ್ಚಿನವು 18ರಿಂದ 24.

ಭಾವ ಕಳಿಸಿದ್ದರಲ್ಲಿ ಎಲ್ಲವೂ ಡಿಗ್ರಿ, ದಶಾಂಶ ಅಂತ ಇದೆ. ತೋಡಿನ ಪಕ್ಕದ್ದೂ ಹಾಗೇ ಇದೆ. ಕೇಳಿದ್ದಕ್ಕೆ, ಅವತ್ತು ಜೀಪಿನಿಂದ ಇಳಿದು ನೇರ ತೋಡಿಗೆ ಹೋಗಿ ತಕ್ಷಣ ಗುರುತು ಹಾಕಿದೆ ಅಂದರು. ಅದಕ್ಕೆ ಹೀಗಾಯಿತಾ?

ಬೆಟ್ಟದಾರಿ:

ಅದೇ ಇರಬೇಕು. ಫೋನ್ ಇನ್ನೂ ಕುದುರಿಕೊಳ್ಳುವ ಮುಂಚೆ ಗುರುತು ಹಾಕಿದ್ದಾರೆ. ರೂಪ ಕೇಳಿದ್ದು ಯಾಕೆಂದರೆ, ಇಲ್ಲಿ ತಪ್ಪುವವರು ಜಾಸ್ತಿ. ಜಿಯೋಕ್ಯಾಶಿಂಗ್‌ನಲ್ಲಿ ಬಳಸುವುದು ಡಿಗ್ರಿ ಮತ್ತು ದಶಾಂಶ ನಿಮಿಷ, ಉದಾಹರಣೆಗೆ ಉತ್ತರ 12° 25.500′. ಫೋನ್ ಮ್ಯಾಪ್‌ಗಳು ತೋರಿಸುವುದು ಬರೀ ದಶಾಂಶ ಡಿಗ್ರಿ. 25.500ನ್ನು 60ರಿಂದ ಭಾಗಿಸಿದರೆ 0.425, ಅಂದರೆ ಅದು 12.425. ಭಾಗಿಸದೆ 12.25500 ಅಂತ ಒತ್ತಿದರೆ ಸುಮಾರು 19 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿರುತ್ತೀರಿ. ಅದೇ 25 ನಿಮಿಷ 50 ಸೆಕೆಂಡ್ ಅಂತ ಓದಿಕೊಂಡರೆ 600 ಮೀಟರ್ ಉತ್ತರಕ್ಕೆ. ನಿಮ್ಮದು 30 ಮೀಟರ್ ಆದ್ದರಿಂದ ರೂಪದ ತಪ್ಪಲ್ಲ.

ಆ ಡಬ್ಬಿಯ ಅಂಕಿ ಹೊಸದಾಗಿ ತೆಗೆಯಿರಿ. ಎಲೆ ಒಣಗಿರುವ ದಿನ ಹೋಗಿ. ಡಬ್ಬಿಯ ಮೇಲೆ ಫೋನ್ ಇಟ್ಟು ಐದು ನಿಮಿಷ ಬಿಟ್ಟು ಅಂಕಿ ಬರೆದುಕೊಳ್ಳಿ. ಒಂದೂವರೆ ಗಂಟೆ ಬಿಟ್ಟು ಮತ್ತೊಮ್ಮೆ, ಮರುದಿನ ಬೇರೆ ಹೊತ್ತಿಗೆ ಇನ್ನೊಮ್ಮೆ. ಉಪಗ್ರಹಗಳು ಅಷ್ಟರಲ್ಲಿ ಜಾಗ ಬದಲಿಸಿರುತ್ತವೆ. ಮೂರರ ಸರಾಸರಿ ಹಾಕಿ. ಬಚ್ಚಿಟ್ಟವರ ತಪ್ಪು 10 ಮೀಟರ್, ಹುಡುಕುವವರದು 10 ಮೀಟರ್ ಆದರೆ ಎರಡೂ ಸೇರಿ 20 ಆಗಬಹುದು. ಮಕ್ಕಳಿಗೆ ಬೇಸರ ಬರುವುದು ಅಲ್ಲೇ. ಜೊತೆಗೆ ಒಂದು ಒಳ್ಳೆಯ ಸುಳಿವು ಬರೆಯಿರಿ. "ಮೆಣಸಿನ ಬಳ್ಳಿ ಇಲ್ಲದ ಸಿಲ್ವರ್ ಓಕ್" ಅಂದರೆ ಸಾಕು, ಕಣ್ಣು ಹುಡುಕಿಕೊಳ್ಳುತ್ತದೆ.

ಈಗ ಉಪಕರಣದ ವಿಷಯ. ಮರದ ಕೆಳಗೆ ಯಾವ ಉಪಕರಣವೂ ನಿಮ್ಮನ್ನು ಡಬ್ಬಿಯ ಮುಚ್ಚಳದ ಮೇಲೆ ನಿಲ್ಲಿಸುವುದಿಲ್ಲ. 2000ದ ಮೇ 2ರಂದು ಅಮೆರಿಕ ಸರ್ಕಾರ ನಾಗರಿಕ ಜಿಪಿಎಸ್‌ಗೆ ಬೇಕಂತಲೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಮರುದಿನವೇ ಡೇವ್ ಅಲ್ಮರ್ ಒರೆಗಾನ್‌ನಲ್ಲಿ ಮೊದಲ ಡಬ್ಬಿ ಇಟ್ಟರು. ಅಂದಿನಿಂದ ಇಂದಿನವರೆಗೂ ಕೊನೆಯ ಹತ್ತು ಮೀಟರ್ ಕಣ್ಣಿನ ಕೆಲಸವೇ.

ನಿಖರತೆಗಾಗಿಯೇ ದುಡ್ಡು ಹಾಕುವುದಾದರೆ ಎರಡು ತರಂಗಾಂತರ ಹಿಡಿಯುವುದನ್ನೇ ನೋಡಿ. ಆ ಎರಡಕ್ಕೆ ಎಲ್‌1, ಎಲ್‌5 ಅಂತ ಹೆಸರು. ಎಲ್‌1 ಜೊತೆಗೆ ಎಲ್‌5 ಇದ್ದರೆ ಬಡಿದು ಸುತ್ತಿ ಬಂದ ಸಿಗ್ನಲನ್ನು ಬೇರ್ಪಡಿಸುವುದು ಸುಲಭ. ಗಾರ್ಮಿನ್ ಜಿಪಿಎಸ್‌ಮ್ಯಾಪ್ 65ರಲ್ಲಿ ಅದಿದೆ. ಇಂದಿನ ಎಷ್ಟೋ ಫೋನ್‌ಗಳಲ್ಲೂ ಇದೆ. ನಿಮ್ಮ ಫೋನಿನಲ್ಲಿ ಇದೆಯಾ ಅಂತ ಅದೇ ಜಿಪಿಎಸ್‌ಟೆಸ್ಟ್ ಹೇಳುತ್ತದೆ, ಪಟ್ಟಿಯಲ್ಲಿ ಎಲ್‌5 ಕಾಣುತ್ತದಾ ನೋಡಿ. ಇದ್ದರೆ, ಅದಿಲ್ಲದ ಹಳೆಯ ಉಪಕರಣ ಕೊಂಡು ನಿಖರತೆ ಹೆಚ್ಚುತ್ತದೆ ಅಂತ ಆಸೆಪಡಬೇಡಿ.

ಹಾಗಂತ ಉಪಕರಣ ದಂಡ ಅಂತ ನಾನು ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ನಮ್ಮ ಮಳೆಯಲ್ಲಿ ಟಚ್ ಸ್ಕ್ರೀನ್ ಮುಟ್ಟಿ ನೋಡಿ. ಹನಿ ಬಿದ್ದರೆ ತಾನೇ ಏನೇನೋ ಒತ್ತಿಕೊಳ್ಳುತ್ತದೆ, ಒದ್ದೆ ಬೆರಳನ್ನು ಗುರುತಿಸುವುದಿಲ್ಲ. ಗಾರ್ಮಿನ್‌ನದೇ ಇಟ್ರೆಕ್ಸ್‌ನಂಥದ್ದಕ್ಕೆ ಗುಂಡಿ ಇದೆ. ಕೆಸರು ಕೈಯಲ್ಲೂ ಒತ್ತಬಹುದು. ಇಟ್ರೆಕ್ಸ್ 22ಎಕ್ಸ್ ಎರಡು ಎಎ ಸೆಲ್‌ನಲ್ಲಿ 25 ಗಂಟೆ ಓಡುತ್ತದೆ ಎಂದು ಕಂಪನಿ ಹೇಳುತ್ತದೆ. ಕರೆಂಟ್ ಇಲ್ಲದಿದ್ದರೂ ಸೆಲ್ ಅಂಗಡಿಯಲ್ಲಿ ಸಿಗುತ್ತದೆ. ನನಗೆ ಇದೇ ದೊಡ್ಡ ಕಾರಣ. ಜಾರಿ ಬಿದ್ದಾಗ, ದಾರಿ ತಪ್ಪಿದಾಗ ಮನೆಗೆ ಕರೆ ಮಾಡಲು ಫೋನಿನ ಚಾರ್ಜ್ ಉಳಿದಿರಬೇಕು ಅಲ್ವಾ.

22ಎಕ್ಸ್‌ನಲ್ಲಿ ಒಂದು ಕೊರತೆ ಇದೆ. ಅದರಲ್ಲಿ ಕಾಂತ ದಿಕ್ಸೂಚಿ ಇಲ್ಲ. ನಡೆಯುತ್ತಿದ್ದರೆ ಮಾತ್ರ ಬಾಣ ಸರಿ, ನಿಂತರೆ ಅರ್ಥವಿಲ್ಲ. ಕಾಫಿ ಗಿಡಗಳ ನಡುವೆ ನಿಂತು ನಿಂತು ಹುಡುಕುವವರಿಗೆ 32ಎಕ್ಸ್ ವಾಸಿ, ಅದರಲ್ಲಿ ಇದೆ. ಇಟ್ರೆಕ್ಸ್ ಎಸ್ಇ ಬ್ಯಾಟರಿ ಬಹಳ ದಿನ ಬರುತ್ತದೆ, ದಿಕ್ಸೂಚಿಯೂ ಇದೆ, ಆದರೆ ನಕ್ಷೆ ಇಲ್ಲ. ನನ್ನ ಮಟ್ಟಿಗೆ ನಕ್ಷೆ ಇಲ್ಲದ್ದು ಕೊಡಗಿಗೆ ಬೇಡ. 20 ಮೀಟರ್ ದೂರ ಅಂದರೂ ನಡುವೆ ಆನೆ ಕಂದಕವೋ, ತೋಡೋ, ಸೋಲಾರ್ ಬೇಲಿಯೋ ಇರುತ್ತದೆ.

ಕುಶಾಲನಗರ_ಸೈಕಲ್:

ಟವರ್ ವಿಷಯ ತಿಳಿಸಿದ್ದಕ್ಕೆ ಥ್ಯಾಂಕ್ಸ್. ನನ್ನ ತಮ್ಮ ಹೊರದೇಶದಿಂದ ಬರುತ್ತಿದ್ದಾನೆ, ಅವನ ಕೈಲಿ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಗಾರ್ಮಿನ್ ತರಿಸೋಣವಾ? ಟವರ್ ಇಲ್ಲದ ಕಡೆ ಅದು ಒಳ್ಳೆಯದಲ್ವಾ? ನನ್ನದು ಐಫೋನ್, ಸಿ:ಜಿಯೋ ಸಿಗುತ್ತಿಲ್ಲ.

ಬೆಟ್ಟದಾರಿ:

ದಯವಿಟ್ಟು ತರಿಸಬೇಡಿ. ಉಪಗ್ರಹದ ಮೂಲಕ ಮಾತಾಡುವ, ಮೆಸೇಜ್ ಕಳಿಸುವ ಸಾಧನಗಳನ್ನು ಭಾರತದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಇಂಥವು ಸಿಕ್ಕಿ ಪ್ರಯಾಣಿಕರು ಪೊಲೀಸ್ ಕೇಸ್ ಎದುರಿಸಿದ್ದಾರೆ. ಇನ್‌ರೀಚ್ ಎಂಬ ಹೆಸರಿದ್ದರೆ, ಅಥವಾ 66ಐ, 67ಐ ಎಂಬ ಹಾಗೆ ಮಾದರಿಯ ಕೊನೆಗೆ ಐ ಇದ್ದರೆ ಅದರೊಳಗೆ ಆ ಸೌಲಭ್ಯ ಇದೆ ಅಂತ ತಿಳಿಯಿರಿ. ಬರೀ ಸಿಗ್ನಲ್ ಪಡೆಯುವ ಇಟ್ರೆಕ್ಸ್ ಬೇರೆ, ಇದು ಬೇರೆ. ಐಫೋನ್‌ಗೆ ಕ್ಯಾಶ್‌ಲಿ ಎಂಬ ಆಪ್ ಇದೆ. ದುಡ್ಡು ಕೊಡಬೇಕು, ಆಫ್‌ಲೈನ್ ನಕ್ಷೆ ಸಿಗುತ್ತದೆ.

ಯಾವ ಆಪ್ ಆದರೂ ಒಂದು ಕೆಲಸ ಮಾತ್ರ ಮಾಡುವುದಿಲ್ಲ. ಬೇರೆಯವರ ತೋಟ ಎಲ್ಲಿ ಶುರು, ಕಾಡು ಎಲ್ಲಿ ಶುರು ಅಂತ ಬಾಣಕ್ಕೆ ಗೊತ್ತಿಲ್ಲ. ತೋಟದವರನ್ನು ಕೇಳಿಯೇ ಒಳಗೆ ಹೋಗಿ. ತಡಿಯಂಡಮೋಳ್ ಬೆಟ್ಟ ಹತ್ತುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ದೇವರಕಾಡಿನೊಳಗೆ ಡಬ್ಬಿ ಇಡುವುದು, ಹುಡುಕುವುದು ಎರಡೂ ಬೇಡ. ಸಿದ್ದಾಪುರ, ಪಾಲಿಬೆಟ್ಟ ಕಡೆಯ ತೋಟಗಳಲ್ಲಿ ಹಗಲಲ್ಲೇ ಕಾಡಾನೆ ನಿಂತಿರುತ್ತದೆ. ಅಲ್ಲಿ ಫೋನ್ ನೋಡುತ್ತಾ ನಡೆಯಲೇಬಾರದು. ಬೆಳಗ್ಗೆ ಆನೆ ಎಲ್ಲಿದೆ ಅಂತ ತೋಟದ ಕೆಲಸದವರನ್ನು ಕೇಳಿ, ಆಮೇಲೆ ಹೊರಡಿ.

ಕಾಫಿಹೂ:

ತೋಡಿನ ಡಬ್ಬಿಯ ಅಂಕಿ ಹೊಸದಾಗಿ ತೆಗೆದೆವು. ಮೂರು ಸಲದ ಸರಾಸರಿ ಹಾಕಿದ ಮೇಲೆ ಗದ್ದೆ ಬದಿಗೆ ಹೋಗುವುದು ನಿಂತಿದೆ. ಮಕ್ಕಳು ಅದರಿಂದ ಆರೇಳು ಮೀಟರ್ ಒಳಗೆ ಬಂದು, ಸುಳಿವು ಓದಿ ತಾವೇ ಹುಡುಕಿದರು. ಫೋನಿನಲ್ಲಿ ಎಲ್‌5 ಕೂಡ ಕಾಣುತ್ತಿದೆ. ಹಾಗಾಗಿ ಈಗ ಉಪಕರಣ ಕೊಳ್ಳುತ್ತಿಲ್ಲ. ಮಳೆಗಾಲದಲ್ಲೂ ಹೋಗಬೇಕು ಅನ್ನಿಸಿದರೆ 32ಎಕ್ಸ್ ನೋಡುತ್ತೇನೆ. ಒಂದೇ ಪ್ರಶ್ನೆ: ಆಗ ಸಿ:ಜಿಯೋದಲ್ಲಿರುವ ನಮ್ಮ ಡಬ್ಬಿಗಳನ್ನೆಲ್ಲ ಮತ್ತೆ ಕೈಯಲ್ಲಿ ಒತ್ತಬೇಕಾ?

ಬೆಟ್ಟದಾರಿ:

ಬೇಕಿಲ್ಲ ಅಕ್ಕ. ಸಿ:ಜಿಯೋದಲ್ಲಿ ಆ ಪಟ್ಟಿಯನ್ನು ಜಿಪಿಎಕ್ಸ್ ಫೈಲ್ (ಜಾಗಗಳ ವಿವರ ಇಡುವ ಫೈಲ್) ಆಗಿ ಹೊರತೆಗೆಯಿರಿ. ಉಪಕರಣವನ್ನು ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಜೋಡಿಸಿದರೆ ಗಾರ್ಮಿನ್ ಎಂಬ ಫೋಲ್ಡರ್, ಅದರೊಳಗೆ ಜಿಪಿಎಕ್ಸ್ ಫೋಲ್ಡರ್ ಕಾಣುತ್ತದೆ. ಫೈಲನ್ನು ಅಲ್ಲಿ ಹಾಕಿ, ಸರಿಯಾಗಿ ಇಜೆಕ್ಟ್ ಮಾಡಿ ಕೇಬಲ್ ತೆಗೆಯಿರಿ. ಸುಳಿವುಗಳೂ ಜೊತೆಗೇ ಬರುತ್ತವೆ.