ಕೆಆರ್‌ಇಸಿ ಡಿಗ್ರಿಗೆ ಟ್ರಾನ್ಸ್‌ಕ್ರಿಪ್ಟ್ ಯಾರ ಹತ್ತಿರ ಕೇಳಬೇಕು?

ಪ್ರಶ್ನೆ (ಸುರತ್ಕಲ್‌ನಿಂದ): ನಮ್ಮ ಅಣ್ಣ 1988ರಲ್ಲಿ ಇಲ್ಲಿನ ಕೆಆರ್‌ಇಸಿ ಇಂಜಿನಿಯರಿಂಗ್ ಕಾಲೇಜಿನಲ್ಲಿ (ಈಗಿನ ಎನ್‌ಐಟಿಕೆ) ಸಿವಿಲ್ ಮುಗಿಸಿದವರು. ದುಬೈಯಲ್ಲಿ ಹೊಸ ಕೆಲಸದ ಫಾರ್ಮಿನಲ್ಲಿ ಯೂನಿವರ್ಸಿಟಿ ಅಂತ ಇದ್ದಲ್ಲಿ ಎನ್‌ಐಟಿಕೆ ಎಂದು ತುಂಬಿಸಿದ್ದಾರೆ. ಸರ್ಟಿಫಿಕೇಟಿನಲ್ಲಿರುವುದು ಮಂಗಳೂರು ವಿಶ್ವವಿದ್ಯಾನಿಲಯ. ಹೆಸರು ತಾಳೆಯಾಗುವುದಿಲ್ಲ ಅಂತ ಅರ್ಜಿ ವಾಪಸ್ ಬಂತು. ಎನ್‌ಐಟಿಕೆಯಿಂದಲೇ ಹೊಸ ಸರ್ಟಿಫಿಕೇಟ್ ಮಾಡಿಸಲಿಕ್ಕೆ ಆಗ್ತದಾ?

ಉತ್ತರ: ಆಗುವುದಿಲ್ಲ, ಅದರ ಅಗತ್ಯವೂ ಇಲ್ಲ. ಫಾರ್ಮನ್ನು ಸರಿ ಮಾಡಿದರೆ ಸಾಕು. ಪದವಿ ಕೊಟ್ಟ ಸಂಸ್ಥೆ: ಮಂಗಳೂರು ವಿಶ್ವವಿದ್ಯಾನಿಲಯ. ಓದಿದ ಕಾಲೇಜು: ಕರ್ನಾಟಕ ರೀಜನಲ್ ಇಂಜಿನಿಯರಿಂಗ್ ಕಾಲೇಜು, ಈಗಿನ ಎನ್‌ಐಟಿಕೆ. ಈ ಎರಡನ್ನು ಒಂದೇ ಎಂದು ತಿಳಿದು ತುಂಬಿಸುವುದರಿಂದಲೇ ನಮ್ಮ ಕರಾವಳಿಯ ಹಳೇ ಇಂಜಿನಿಯರುಗಳ ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವುದು.

ಕಾಲೇಜಿನ ಚರಿತ್ರೆ ತಿಳಿದರೆ ಗೊಂದಲ ಇರುವುದಿಲ್ಲ. 1960ರಲ್ಲಿ ಸುರತ್ಕಲ್‌ನಲ್ಲಿ ಕೆಆರ್‌ಇಸಿ ಶುರುವಾದದ್ದು ಸಿವಿಲ್, ಮೆಕ್ಯಾನಿಕಲ್, ಇಲೆಕ್ಟ್ರಿಕಲ್ ಎಂಬ ಮೂರು ವಿಭಾಗಗಳಿಂದ. ಕೇಂದ್ರ ಮತ್ತು ರಾಜ್ಯ ಸರಕಾರ ಸೇರಿ ನಡೆಸುತ್ತಿದ್ದ ಕಾಲೇಜು ಅದು, ಅರ್ಧ ಸೀಟು ನಮ್ಮ ರಾಜ್ಯಕ್ಕೆ, ಅರ್ಧ ಹೊರರಾಜ್ಯದವರಿಗೆ. ಅದನ್ನು ಇಲ್ಲಿಗೆ ತಂದ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರೇ ಕ್ಯಾಂಪಸ್ಸಿನ ಶ್ರೀನಿವಾಸನಗರಕ್ಕೆ. ಆದರೆ ಕಾಲೇಜಿಗೆ ಸ್ವಂತವಾಗಿ ಡಿಗ್ರಿ ಕೊಡುವ ಅಧಿಕಾರ ಇರಲಿಲ್ಲ. ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಕೆಳಗಿತ್ತು. 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಅದರ ವ್ಯಾಪ್ತಿಗೆ ಬಂತು. ಎನ್‌ಐಟಿಕೆ ಆದದ್ದು 2002ರಲ್ಲಿ. ಹಾಗಾಗಿ ಅಣ್ಣ ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯ, ಅಂಕಗಳ ಅಧಿಕೃತ ಪಟ್ಟಿ) ಕೇಳಬೇಕಾದದ್ದು ಕೊಣಾಜೆಯಲ್ಲಿ, ಪರೀಕ್ಷಾಂಗ ಕುಲಸಚಿವರ ಕಚೇರಿಯಲ್ಲಿ. ಎನ್‌ಐಟಿಕೆಯಲ್ಲಿ ಕೇಳುವುದು ಒಂದೇ ಒಂದು ಪತ್ರ: ಕೆಆರ್‌ಇಸಿಯೇ ಈಗಿನ ಎನ್‌ಐಟಿಕೆ, ಇವರು ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಲ್ಲಿ ಓದಿದ್ದಾರೆ ಎಂದು.

ಅರ್ಜಿಯ ಜೊತೆ ಡಿಗ್ರಿ ಸರ್ಟಿಫಿಕೇಟ್ ಮತ್ತು ಎಲ್ಲಾ ಮಾರ್ಕ್ಸ್ ಕಾರ್ಡುಗಳ ಜೆರಾಕ್ಸ್ ಇಡಿ. ಫೇಲಾಗಿ ಮತ್ತೆ ಬರೆದ ಪೇಪರಿದ್ದರೆ ಆ ಕಾರ್ಡೂ ಬೇಕು. ಅದನ್ನು ಬಿಟ್ಟು ಕಳಿಸಿದರೆ ಒಟ್ಟು ಅಂಕ ಕೂಡಿ ಬರುವುದಿಲ್ಲ, ಫೈಲು ಅಲ್ಲೇ ನಿಲ್ಲುತ್ತದೆ. ಶೇಕಡಾ ಅಂಕವನ್ನು ನೀವೇ ಸಿಜಿಪಿಎಗೆ ಪರಿವರ್ತಿಸಿ ಬರೆಯಬೇಡಿ. ಕಾರ್ಡಿನಲ್ಲಿ ಹೇಗಿದೆಯೋ ಹಾಗೆಯೇ ಹೋಗಲಿ.

ಇನ್ನೊಬ್ಬರ ಉತ್ತರ (ಮಣಿಪಾಲದಿಂದ, ಅಟೆಸ್ಟೇಶನ್ ಕೆಲಸದವರು): ದುಬೈ ಎಂದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಪೋಸ್ಟಿಲ್ (ಒಪ್ಪಂದದ ದೇಶಗಳು ಪರಸ್ಪರ ಒಪ್ಪುವ ದೃಢೀಕರಣದ ಮುದ್ರೆ) ಮಾಡಿಸಿ ದುಡ್ಡು ಕಳೆದುಕೊಳ್ಳಬೇಡಿ. ಯುಎಇ ಅಪೋಸ್ಟಿಲ್ ಒಪ್ಪಂದದಲ್ಲಿ ಇಲ್ಲ. ಅಲ್ಲಿಗೆ ಮೊದಲು ರಾಜ್ಯದ ಉನ್ನತ ಶಿಕ್ಷಣ ಇಲಾಖೆಯ ದೃಢೀಕರಣ, ಮತ್ತೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆ. ಈ ಕ್ರಮ ತಪ್ಪಿದರೆ ಮೊದಲಿನಿಂದ ಶುರು. ಒಮಾನ್, ಬಹರೈನ್, ಸೌದಿಗೆ ಅಪೋಸ್ಟಿಲ್ ನಡೆಯುತ್ತದೆ.

ಮತ್ತೆ, ಮೂಲ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಿದ್ದರೆ ಕಷ್ಟ. ಮೊಹರು, ಸ್ಟಿಕ್ಕರ್ ಬೀಳುವುದು ಅದರ ಹಿಂಬದಿಗೆ, ಪ್ಲಾಸ್ಟಿಕ್ಕಿನ ಮೇಲೆ ಯಾರೂ ಹಾಕುವುದಿಲ್ಲ. ಇಸ್ತ್ರಿಪೆಟ್ಟಿಗೆ ಇಟ್ಟು ಮನೆಯಲ್ಲೇ ಬಿಡಿಸಲು ಹೋಗಬೇಡಿ. ಆ ಕಾಲದ ಸಹಿಯ ಶಾಯಿ ಪ್ಲಾಸ್ಟಿಕ್ಕಿನ ಜೊತೆಯೇ ಎದ್ದು ಬರುತ್ತದೆ. ಅಂಥದ್ದಕ್ಕೆ ವಿಶ್ವವಿದ್ಯಾನಿಲಯದಿಂದ ಎರಡನೇ ಪ್ರತಿ ತೆಗೆಸುವುದೇ ದಾರಿ. ಹೆಸರನ್ನೂ ಈಗಲೇ ನೋಡಿಕೊಳ್ಳಿ: ನಮ್ಮೂರಿನ ಹಳೇ ಸರ್ಟಿಫಿಕೇಟುಗಳಲ್ಲಿ ಇನಿಶಿಯಲ್ ಮುಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಅದು ಊರಿನ ಹೆಸರಾಗಿಯೋ ಅಪ್ಪನ ಹೆಸರಾಗಿಯೋ ಬಿಡಿಸಿಕೊಂಡಿರುತ್ತದೆ. ಇಬ್ಬರೂ ಒಬ್ಬರೇ ಎಂದು ನೋಟರಿ ಅಫಿಡವಿಟ್ ಜೊತೆಗಿರಲಿ.

ಪ್ರಶ್ನೆ (ಕಟಪಾಡಿಯಿಂದ): ಅಪ್ಪನದು 1974ರ ಬಿಇ, ಮೈಸೂರು ವಿಶ್ವವಿದ್ಯಾನಿಲಯ. ಮನೆ ಬದಲಾಯಿಸುವಾಗ ಸರ್ಟಿಫಿಕೇಟ್ ಕಳೆದುಹೋಗಿದೆ. ರಿಜಿಸ್ಟರ್ ನಂಬರೂ ನೆನಪಿಲ್ಲ.

ಉತ್ತರ: ಮೊದಲು ರಿಜಿಸ್ಟರ್ ನಂಬರ್ ಹುಡುಕಿ. ಅದಿಲ್ಲದೆ ಮೈಸೂರಿಗೆ ಹೋಗಿ ಬಂದರೆ ಬಸ್ ಚಾರ್ಜು ದಂಡ. ಅಷ್ಟು ಹಳೆಯ ದಾಖಲೆ ನಂಬರು ಮತ್ತು ಪರೀಕ್ಷೆ ಬರೆದ ತಿಂಗಳು, ವರ್ಷದ ಮೇಲೆ ಹುಡುಕುವಂಥದ್ದು, ಬರೀ ಹೆಸರು ಹೇಳಿದರೆ ಸಿಗುವುದು ಕಷ್ಟ. ಒಂದೇ ಒಂದು ಮಾರ್ಕ್ಸ್ ಕಾರ್ಡು, ಹಾಲ್ ಟಿಕೆಟ್ ಸಿಕ್ಕಿದರೂ ಸಾಕು. ಅಪ್ಪ ಸರಕಾರಿ ಕೆಲಸದಲ್ಲಿದ್ದರೆ ಇಲಾಖೆಯ ಫೈಲಿನಲ್ಲಿ ಜೆರಾಕ್ಸ್ ಇರುತ್ತದೆ, ಅಲ್ಲಿ ವಿಚಾರಿಸಿ. ಯಾವುದೂ ಇಲ್ಲದಿದ್ದರೆ ಸುರತ್ಕಲ್ ಕಾಲೇಜಿಗೆ ಸೇರಿದ ವರ್ಷ, ವಿಭಾಗ ಬರೆದು ದಾಖಲಾತಿಯ ವಿವರ ಕೇಳಿ. ಆಮೇಲೆ ಪೊಲೀಸ್ ಠಾಣೆಯ ಸ್ವೀಕೃತಿ, ಅಫಿಡವಿಟ್, ಗುರುತಿನ ಚೀಟಿ ಜೋಡಿಸಿ ಎರಡನೇ ಪ್ರತಿಗೆ ಮೈಸೂರಿಗೆ ಅರ್ಜಿ ಹಾಕಿ.

ಅಪ್ಪನ ಕಾಲದಲ್ಲಿ ಪಿಯುಸಿ ಒಂದು ವರ್ಷ, ಬಿಇ ಐದು ವರ್ಷ. ಆನ್‌ಲೈನ್ ಫಾರ್ಮಿನಲ್ಲಿ ನಾಲ್ಕು ವರ್ಷ ಎಂದು ತಾನಾಗಿ ಬಂದರೆ ಹಾಗೇ ಬಿಡದೆ ಐದು ಎಂದು ತಿದ್ದಿ, ಇಲ್ಲದಿದ್ದರೆ ಒಂದು ವರ್ಷದ ಲೆಕ್ಕ ಕೇಳುತ್ತಾರೆ.

ಪ್ರಶ್ನೆ (ಕದ್ರಿಯಿಂದ): ನನ್ನದು 2005ರದ್ದು, ಎನ್‌ಐಟಿಕೆಯೇ ಕೊಟ್ಟದ್ದು, ಕೆಳಗೆ ಡೀಮ್ಡ್ ಯೂನಿವರ್ಸಿಟಿ ಅಂತ ಉಂಟು. ಏಜೆಂಟ್ ಒಬ್ಬರು ಇದಕ್ಕೆ ಬೆಲೆ ಕಡಿಮೆ ಅಂದರು.

ಉತ್ತರ: ಅವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. 2002ರಲ್ಲಿ ರೀಜನಲ್ ಕಾಲೇಜುಗಳನ್ನು ಎನ್‌ಐಟಿ ಮಾಡಿದಾಗ ಡಿಗ್ರಿ ಕೊಡುವ ಅಧಿಕಾರ ಬಂದದ್ದೇ ಡೀಮ್ಡ್ ಸ್ಥಾನದ, ಅಂದರೆ ವಿಶ್ವವಿದ್ಯಾನಿಲಯಕ್ಕೆ ಸಮಾನ ಎಂಬ ಮಾನ್ಯತೆಯ ಮೂಲಕ. ಸಂಸತ್ತಿನ ಎನ್‌ಐಟಿ ಕಾಯ್ದೆ ಜಾರಿಗೆ ಬಂದದ್ದು 2007ರ ಆಗಸ್ಟ್ 15ರಂದು, ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂಬ ಸ್ಥಾನ ಸಿಕ್ಕಿದ್ದು ಆ ಕಾಯ್ದೆಯಿಂದ. ನಡುವಿನ ವರ್ಷಗಳ ಡಿಗ್ರಿ ಪೂರ್ತಿ ಸಿಂಧು. ಟ್ರಾನ್ಸ್‌ಕ್ರಿಪ್ಟಿಗೆ ನೇರ ಎನ್‌ಐಟಿಕೆಗೇ ಅರ್ಜಿ ಹಾಕಿ. ಎಎ, ಎಬಿ ಎಂಬ ಗ್ರೇಡುಗಳಿಗೆ ಎಷ್ಟು ಅಂಕ ಎಂಬ ವಿವರಣೆಯ ಪುಟವನ್ನೂ ಕೇಳಿ ಪಡೆಯಿರಿ. ಟ್ರಾನ್ಸ್‌ಕ್ರಿಪ್ಟಿನ ಲಕೋಟೆ ಕೈಗೆ ಸಿಕ್ಕರೆ ಒಡೆಯದೆ ಹಾಗೆಯೇ ಕಳಿಸಿ, ಅಂಚಿನ ಮೊಹರು ಹರಿದದ್ದನ್ನು ಅದನ್ನು ಕೇಳಿದವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.