ಮರದ ಮೈಟರ್ ಸಾದಲ್ಲಿ ಕಬ್ಬಿಣ ಕತ್ತರಿಸಬಹುದಾ?

ಪ್ರಶ್ನೆ: ನನ್ನ ಹತ್ತಿರ ಮರಗೆಲಸದ 10 ಇಂಚಿನ ಮೈಟರ್ ಸಾ (ತಿರುಗುವ ಬ್ಲೇಡನ್ನು ಮೇಲಿಂದ ಇಳಿಸಿ ಕತ್ತರಿಸುವ ಗರಗಸ) ಇದೆ. ಅದಕ್ಕೇ ಮೆಟಲ್ ಬ್ಲೇಡ್ ಹಾಕಿ ಕಬ್ಬಿಣದ ಚೌಕ ಪೈಪು, ಆ್ಯಂಗಲ್ (L ಆಕಾರದ ಪಟ್ಟಿ), ಸ್ವಲ್ಪ ಅಲ್ಯೂಮಿನಿಯಂ ಕತ್ತರಿಸಬಹುದಾ? ಮಾಡಿ ನೋಡಿದವರು ಹೇಳಿ.

— ಅಲ್ಯೂಮಿನಿಯಂಗೆ ಸರಿ, ಕಬ್ಬಿಣಕ್ಕೆ ಬೇಡ. ಬ್ಲೇಡ್ ಯಾವುದು ಅನ್ನುವುದಕ್ಕಿಂತ ಮೊದಲು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ, ನೋಡಿ. ಮರದ ಸಾ 4,500–5,000 ಸುತ್ತು ತಿರುಗುತ್ತದೆ. ಕಬ್ಬಿಣಕ್ಕೆಂದೇ ಇರುವ ಡ್ರೈ ಕಟ್ ಸಾ, 14 ಇಂಚಿನ ಬ್ಲೇಡ್ ಇದ್ದರೂ, 1,300–1,500ರಲ್ಲೇ ನಿಲ್ಲುತ್ತದೆ. ಹಲ್ಲಿನ ತುದಿಯ ವೇಗ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಸೆಕೆಂಡಿಗೆ 60 ಮೀಟರ್ ಅಥವಾ ಇನ್ನೂ ಜಾಸ್ತಿ, ಎರಡನೆಯದರಲ್ಲಿ 24ರಿಂದ 28. ಮರದ ಸಾದ ವೇಗದಲ್ಲಿ ಉಕ್ಕಿಗೆ ಬಡಿದರೆ ಬ್ಲೇಡಿನ ಕಾರ್ಬೈಡ್ (ತುಂಬಾ ಗಡಸು ವಸ್ತುವಿನ) ಹಲ್ಲು ಕಾದು ಚಕ್ಕೆ ಏಳುತ್ತದೆ. ಆ ಚಕ್ಕೆ ಎಲ್ಲಿಗೆ ಹಾರುತ್ತದೋ ಹೇಳೋಕಾಗಲ್ಲ. ಇನ್ನು ಡಸ್ಟ್ ಬ್ಯಾಗಿನಲ್ಲಿ ಉಳಿದ ಮರದ ಪುಡಿಗೆ ಕಿಡಿ ಬಿದ್ದರೆ? ಹೊಗೆಯಾಡುವುದು ನಿಮಗೆ ತಡವಾಗಿ ಗೊತ್ತಾಗುತ್ತದೆ.

— ಮೇಲಿನವರು ಹೇಳಿದ್ದು ಸರಿ. ಅಲ್ಯೂಮಿನಿಯಂಗೆ ನೆಗೆಟಿವ್ ರೇಕ್ (ಹಲ್ಲು ಹಿಂದಕ್ಕೆ ವಾಲಿದ) ಇರುವ ಟಿಸಿಜಿ ಬ್ಲೇಡ್ (ಒಂದು ಹಲ್ಲು ಮೂಲೆ ಕತ್ತರಿಸಿದ್ದು, ಮುಂದಿನದು ಚಪ್ಪಟೆ) ಹಾಕಿ, ಹಲ್ಲಿಗೆ ಕಟಿಂಗ್ ವ್ಯಾಕ್ಸ್ ಹಚ್ಚಿ. ಒಣಗಿದ್ದರೆ ಅಲ್ಯೂಮಿನಿಯಂ ಹಲ್ಲಿಗೇ ಮೆತ್ತಿಕೊಳ್ಳುತ್ತದೆ. ತುಂಡನ್ನು ಕೈಯಲ್ಲಿ ಹಿಡಿಯಬೇಡಿ, ಕ್ಲ್ಯಾಂಪ್ ಹಾಕಿ. ಕತ್ತರಿಸಿದ ಮೇಲೆ ಬ್ಲೇಡ್ ಪೂರ್ತಿ ನಿಂತ ಮೇಲೇ ಮೇಲೆತ್ತಿ. ತಿರುಗುತ್ತಿರುವಾಗಲೇ ಎತ್ತಿದರೆ ಸಣ್ಣ ತುಂಡು ಹಲ್ಲಿಗೆ ಸಿಕ್ಕಿ ಚಿಮ್ಮುತ್ತದೆ.

— ಕಬ್ಬಿಣಕ್ಕೆ ನನ್ನ ಹತ್ತಿರ ಇರುವುದು ಕಲ್ಲಿನ ವೀಲ್‌ನ (ಹಲ್ಲಿಲ್ಲದ, ಉಜ್ಜಿ ಕೊಯ್ಯುವ ಚಕ್ರದ) ಚಾಪ್ ಸಾ. ಅಗ್ಗ, ಗಟ್ಟಿ, ಭಯಂಕರ ಗಲಾಟೆ. ಅದು ಕತ್ತರಿಸುವುದಕ್ಕಿಂತ ಉಜ್ಜಿ ಸವೆಸುತ್ತದೆ ಅನ್ನಬೇಕು, ಹಾಗಾಗಿ ಅಂಚು ಸುಡುತ್ತದೆ, ಬರ್ (ಅಂಚಿನ ಚೂಪು ಮುಳ್ಳು) ಉಳಿಯುತ್ತದೆ, ಆಮೇಲೆ ಫೈಲ್ ಹಾಕಲೇಬೇಕು. ಆ್ಯಂಗಲನ್ನು ಎರಡು ಅಂಚೂ ಕೆಳಗೆ ಬರುವಂತೆ ಬೋರಲಾಗಿ ಕ್ಲ್ಯಾಂಪ್ ಮಾಡಿ. ವೀಲ್‌ಗೆ ಸಿಗುವ ದಪ್ಪ ಕಡಿಮೆಯಾಗುತ್ತದೆ, ಸಲೀಸಾಗಿ ಇಳಿಯುತ್ತದೆ. ವೀಲ್ ಮೇಲೆ ಬರೆದ ಗರಿಷ್ಠ ಆರ್‌ಪಿಎಂ ಮಷೀನಿನದಕ್ಕಿಂತ ಕಡಿಮೆ ಇರಬಾರದು. ಎಕ್ಸ್‌ಪೈರಿಯೂ ಅಲ್ಲೇ ಇರುತ್ತದೆ, ಯಾರೂ ನೋಡಲ್ಲ ಅಷ್ಟೇ. ಹೊಸ ವೀಲ್ ಹಾಕಿದಾಗ ಒಂದು ನಿಮಿಷ ಖಾಲಿ ತಿರುಗಿಸಿ, ನೀವು ಪಕ್ಕಕ್ಕೆ ನಿಂತಿರಿ. ಇದರಲ್ಲಿ ಅಲ್ಯೂಮಿನಿಯಂ ಮಾತ್ರ ಬೇಡವೇ ಬೇಡ, ವೀಲ್ ತುಂಬಿಕೊಂಡು ಕಟ್ಟಿಹೋಗುತ್ತದೆ.

— ಹಲ್ಲಿನ ಬ್ಲೇಡ್ ಹತ್ತಿರ ಗ್ಲೌಸ್ ಬೇಡ, ಎಳೆದುಕೊಳ್ಳುತ್ತದೆ. ಕನ್ನಡಕ, ಕಿವಿಗೆ ಮಫ್ ಬೇಕೇ ಬೇಕು. ಗ್ಯಾಲ್ವನೈಸ್ಡ್ ಪೈಪನ್ನು ವೀಲ್‌ನಲ್ಲಿ ಕೊಯ್ಯುವಾಗ ಸತುವಿನ ಹೊಗೆ ಬರುತ್ತದೆ, ಬಾಗಿಲು ತೆಗೆದಿಡಿ.

— ಎಷ್ಟು ಪೈಪ್ ಕತ್ತರಿಸಬೇಕು ಅಂತ ನೀವು ಹೇಳಲೇ ಇಲ್ಲವಲ್ಲ? ನಾಲ್ಕಾರು ಕಟ್ ಆದರೆ ಆ್ಯಂಗಲ್ ಗ್ರೈಂಡರ್‌ಗೆ 1 ಎಂಎಂ ಡಿಸ್ಕ್ ಸಾಕು. ಸುಮ್ನೆ ಇನ್ನೊಂದು ಮಷೀನ್ ಯಾಕೆ?